ಚೆಲ್ಲಿದ ಚರಗ

ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಬಡಿಯುವವಳ ಮನಸ್ಸು ಹೇಗಿದೆಯೆಂದು ಬೆಟಗೇರಿಯ ಆ ಓಣಿಯ ಹೆಂಗಸರು ಹೇಳಿಬಿಡುತ್ತಾರೆ. ಆ ದಿನ ಕಾಂಚನಾ ಸಜ್ಜಿ ರೊಟ್ಟಿ ಬಡಿಯುತ್ತಿದ್ದ ರೀತಿಗೆ ಪಕ್ಕದ ಮನೆಯ ದೇವವ್ವ ಗೋಡೆಯಾಚೆಯಿಂದಲೇ ಕೂಗಿ ಕೇಳಿದಳು.

"ಯಾರ ಮ್ಯಾಲವಾ ಇಷ್ಟು ಸಿಟ್ಟು? ರೊಟ್ಟಿ ಏನ್ ಮಾಡೇತಿ ಪಾಪ?"

"ನಾಳಿ ಸಮುದ್ರ ನೋಡಾಕ ಹೊಂಟೇವಿ" ಅಂದಳು ಕಾಂಚನಾ.

"ಮತ್ತ ಖುಷಿ ಪಡಬೇಕಲ್ಲ?"

"ಹೂಂ. ಭಾಳ ಖುಷಿ ಆಗೇತಿ" ಎಂದು ಇನ್ನೊಂದು ಹಿಟ್ಟಿನ ಉಂಡೆಯನ್ನು ಹಲಗೆಗೆ ಅಪ್ಪಳಿಸಿದಳು.

ಕಾಂಚನಾಳ ತವರು ಶಿರಹಟ್ಟಿ ಸೀಮೆಯ ಮಾಗಡಿ. ಚಳಿಗಾಲ ಬಂತೆಂದರೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಂಡು ಹಿಂಡಾಗಿ ಬಂದಿಳಿಯುವ ಕೆರೆ ಆ ಊರಿನದು. ಹುಡುಗಿಯಾಗಿದ್ದಾಗ ನೀರಿಗೆ ಹೋದವಳು ಬಾತು ನೋಡುತ್ತ ನಿಂತು, ಕೊಡವನ್ನು ದಂಡೆಯಲ್ಲೇ ಮರೆತು ಬಂದು ಬೈಸಿಕೊಂಡವಳು. ಮದುವೆಯಾಗಿ ಬೆಟಗೇರಿಯ ಸೀರೆ ಅಂಗಡಿಯವರ ಮನೆ ಸೇರಿದ ಮೇಲೂ ಪ್ರತಿ ಚಳಿಗಾಲ ಆ ಕೆರೆಗೆ ಹೋಗದೆ ಇರುತ್ತಿರಲಿಲ್ಲ. ತಾಯಿಯನ್ನು ನೋಡಿ ಬರುತ್ತೇನೆಂದು ಹೇಳಿ ಹೋಗುತ್ತಿದ್ದಳು. ಗುಟ್ಟು ತಾಯಿಗೊಬ್ಬಳಿಗೆ ಗೊತ್ತಿತ್ತು. ಧಾರವಾಡದಲ್ಲಿ ಓದುವ ಮಗಳು ಸ್ನೇಹಾ ಒಂದು ದುರ್ಬೀನು ತಂದುಕೊಟ್ಟ ಮೇಲಂತೂ, ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದವಳು ಜಲ್ದಿ ಇಳಿಯುವ ಮಾತೇ ಇರಲಿಲ್ಲ. "ಹಕ್ಕಿ ಹುಚ್ಚಿ" ಎಂದು ಭಾವ ಕುಬೇರಪ್ಪ ಹೆಸರಿಟ್ಟಿದ್ದ. ಅವನು ಯಾರಿಗೆ ಹೆಸರಿಟ್ಟರೂ ಮನೆಯವರೆಲ್ಲ ನಗಬೇಕೆಂಬುದು ಆ ಮನೆಯ ಪದ್ಧತಿ.

ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದಾಗ ಗಂಡ ಕಿರಣಕುಮಾರ ಏನೋ ಹುಮ್ಮಸ್ಸು ಬಂದು ಕೇಳಿದ್ದ, "ಏನ್ ಬೇಕು ಕೇಳು. ಒಂದು ಚೊಲೋ ಸೀರಿ ತಗೀಲೇನು?"

ಸೀರೆ ಅಂಗಡಿಯವನು ಹೆಂಡತಿಗೆ ಕೊಡುವ ಕಾಣಿಕೆ ಸೀರೆ! ಕಾಂಚನಾ ಅದಕ್ಕೆ ನಕ್ಕು, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಹೇಳಿಬಿಟ್ಟಿದ್ದಳು. "ಸೀರಿ ಬ್ಯಾಡ. ನನಗ ಕಡಲ ಹದ್ದು ನೋಡಬೇಕು. ನಾವಿಬ್ಬರ ಹೋಗೂಣು."

ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಒಂದಾಳಿಗಿಂತ ಅಗಲ. ಅಂಕೋಲೆಯಾಚೆ ಘಟ್ಟದ ಗುಡ್ಡಗಳು ನೇರ ಸಮುದ್ರಕ್ಕೇ ಇಳಿಯುವ ಕಡೆ, ನೀರಿನೊಳಕ್ಕೆ ಚಾಚಿಕೊಂಡ ಒಂದು ಗುಡ್ಡದ ಮೂತಿಯ ಮೇಲೆ ಅದು ಪ್ರತಿ ವರ್ಷ ಗೂಡು ಕಟ್ಟುತ್ತದೆಂದೂ, ಪಾಂಡುರಂಗ ಹರಿಕಂತ್ರ ಎಂಬ ದೋಣಿಯವನು ನಂಬಿಕಸ್ತರನ್ನು ಮಾತ್ರ ಕರೆದೊಯ್ದು ತೋರಿಸುತ್ತಾನೆಂದೂ ಮಾಗಡಿ ಕೆರೆಗೆ ಬಂದ ಯಾರೋ ಹೇಳಿದ್ದರು. ಅಂದಿನಿಂದ ಆ ಹದ್ದು ಅವಳ ತಲೆಯೊಳಗೇ ಗೂಡು ಕಟ್ಟಿತ್ತು. ಇಪ್ಪತ್ತು ವರ್ಷದಲ್ಲಿ ಸವದತ್ತಿ, ಶ್ರೀಶೈಲ ಎಂದು ಹೋದದ್ದೆಲ್ಲ ಮನೆಮಂದಿಯ ಜೊತೆಗೆ, ಹೊತ್ತದ್ದೆಲ್ಲ ಬುತ್ತಿಯ ಗಂಟು. ತನಗಾಗಿ ಎಂದು ಅವಳು ಕೇಳಿದ್ದು ಇದೊಂದನ್ನೇ.

ಕಿರಣಕುಮಾರ ಹೂಂ ಅಂದ. ಅವನು ಕೆಟ್ಟವನಲ್ಲ. ಎಲ್ಲರಿಗೂ ಹೂಂ ಅನ್ನುವ ಮನುಷ್ಯ ಅಷ್ಟೇ; ಹೆಂಡತಿಗೆ ಹೂಂ ಅಂದ ಬಾಯಿಂದಲೇ ಅಣ್ಣನಿಗೂ ಹೂಂ ಅನ್ನಬಲ್ಲ. ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಫೋನಿನಲ್ಲಿ ಕೋಣೆ ಗೊತ್ತು ಮಾಡುವಾಗ ಕುಬೇರಪ್ಪನ ಕಿವಿಗೆ ಬಿತ್ತು. ಸಂಜೆಯ ಹೊತ್ತಿಗೆ ಇಡೀ ಪ್ರವಾಸ ಕುಬೇರಪ್ಪನದಾಗಿತ್ತು. ಎಲ್ಲಿ ಚಹಾಕ್ಕೆ ನಿಲ್ಲಬೇಕು, ಯಾರು ಮುಂದೆ ಕೂಡಬೇಕು, ಎಲ್ಲ ತೀರ್ಮಾನವಾಗಿ ಹೋಗಿತ್ತು. ಅವನ ಹೆಂಡತಿ ಮಾತ್ರ ಮಂಡಿನೋವು ಎಂದು ಉಳಿದುಕೊಂಡಳು. ಅವಳಷ್ಟು ಜಾಣತನ ತನಗೆ ಯಾಕೆ ಬರಲಿಲ್ಲವೆಂದು ಕಾಂಚನಾ ಆಮೇಲೆ ಬಹಳ ಸಲ ಅಂದುಕೊಂಡಳು.

ಅತ್ತೆ ಅನ್ನವ್ವ ಹೇಳಿದ್ದು ಒಂದೇ ಮಾತು. "ಯವ್ವಾ ಕಾಂಚನಾ, ನಾನೂ ಸಮುದ್ರ ನೋಡಿಲ್ಲವಾ." ಎಂಬತ್ತರ ಹತ್ತಿರದ ಜೀವ. ಅದಕ್ಕೆ ಬೇಡ ಅನ್ನುವುದು ಹೇಗೆ? ಅತ್ತೆಯ ಮೇಲೆ ಸಿಟ್ಟು ಮಾಡಲಾಗದೆ ಕಾಂಚನಾಗೆ ಇನ್ನಷ್ಟು ಸಿಟ್ಟು ಬಂತು.

ಅದರ ಮೇಲೆ ಗೋಡೆಯ ಕ್ಯಾಲೆಂಡರ್ ಬೇರೆ. ಹದ್ದು ನೋಡುವ ದಿನವೇ ಎಳ್ಳಮವಾಸ್ಯೆ ಬಿದ್ದಿತ್ತು. ಆ ದಿನ ಹೊಂಬಳದ ತಮ್ಮ ಹೊಲಕ್ಕೆ ಮನೆಮಂದಿಯೆಲ್ಲ ಹೋಗಿ, ಮಾಡಿದ ಅಡುಗೆಯಲ್ಲಿ ಎಲ್ಲದರದೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲಿ ಬರಬೇಕು. ಅದೇ ಚರಗ. ಬಸುರಿ ಭೂಮಿತಾಯಿಗೆ ಉಣಿಸುವ ಬಯಕೆ ಊಟ. ಮುಂದಿನವನು ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಗಂಟಲು ಹರಿಯುವಂತೆ ಕೂಗಬೇಕು, ಹಿಂದಿನವನು ನೀರು ಚಿಮುಕಿಸುತ್ತ ಅಷ್ಟೇ ಜೋರಾಗಿ ಓಗೊಡಬೇಕು. ಕೂಗು ಸಣ್ಣದಾದರೆ ತಾಯಿಗೆ ಕೇಳಿಸುವುದಿಲ್ಲವೆಂದು ನಂಬಿಕೆ.

"ಹೊಲದಾಗ ನಮ್ಮ ಆಳು ಗವಿಸಿದ್ದಪ್ಪ ಚೆಲ್ಲತಾನ. ಆದ್ರ ನಮ್ಮ ಮನಿತನದ ಪದ್ಧತಿ ನಾವು ಬಿಡಾಕ ಬರಂಗಿಲ್ಲ" ಎಂದ ಕುಬೇರಪ್ಪ. "ಅಲ್ಲೇ ಸಮುದ್ರದ ದಂಡಿ ಮ್ಯಾಲ ಚೆಲ್ಲೂಣು. ಭೂಮಿತಾಯಿ ಏನು ಹೊಂಬಳದಾಗಷ್ಟ ಅದಾಳೇನು?"

"ಅಡಗಿ?" ಎಂದಳು ಕಾಂಚನಾ.

"ರೊಟ್ಟಿ ಇಲ್ಲಿಂದ ಒಯ್ಯೂಣು. ಕಡಬು, ಪಲ್ಯ, ಮೊಸರನ್ನ ಅಲ್ಲೇ ಮಾಡಿದ್ರಾತು. ಅದೇನ್ ದೊಡ್ಡ ಕೆಲಸ?"

ಮಾಡುವವರು ಯಾರೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇನಿತ್ತು? ಆದ್ದರಿಂದ ಆ ದಿನ ರೊಟ್ಟಿಯ ಸಪ್ಪಳ ಹಾಗಿತ್ತು.

ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಕಾಂಚನಾ ಹಿಂದಿನ ಸೀಟಿನಲ್ಲಿ ಚಟ್ನಿಯ ಡಬ್ಬಿಗಳ ನಡುವೆ ಸಿಕ್ಕಿಕೊಂಡು ಕೂತಿದ್ದಳು. ಕಿಟಕಿಯ ಪಕ್ಕ ಅನ್ನವ್ವ. ಮುಂದೆ ಕುಬೇರಪ್ಪ. ಕಾಡಿನೊಳಗಿಂದ ಹಕ್ಕಿಯೊಂದು ಶಿಳ್ಳೆ ಹಾಕಿದಂತೆ ಕೇಳಿ, "ಒಂಚೂರು ಗಾಡಿ ನಿಲ್ಲಸ್ತೀರೇನ್ರಿ" ಎಂದಳು. ಕಿರಣಕುಮಾರ ಅಣ್ಣನ ಮುಖ ನೋಡಿದ. "ಘಾಟಿನಾಗ ನಿಲ್ಲಸಬಾರದು" ಅಂದ ಕುಬೇರಪ್ಪ. ಅದೇ ಘಾಟಿನಲ್ಲಿ ಮುಂದೆ ಎರಡು ತಿರುವು ದಾಟಿ, ಅವನಿಗೆ ಎಲೆ ಅಡಿಕೆ ಉಗುಳಬೇಕಾದಾಗ ಗಾಡಿ ನಿಂತಿತು. ಕಾಂಚನಾ ಹಲ್ಲು ಕಚ್ಚಿ ಕೂತಳು.

ಉಳಿದುಕೊಂಡ ಮನೆ ಚೆಂದವಿತ್ತು. ಹಿಂದೆ ಗುಡ್ಡ, ಮುಂದೆ ಸಮುದ್ರ. ಆದರೆ ಒಳಗೆ ಕಾಲಿಟ್ಟ ಕೂಡಲೇ ಅನ್ನವ್ವ ಸೆರಗನ್ನು ಮೂಗಿಗೆ ಹಿಡಿದಳು. ಮೀನು ಬೇಯಿಸುವ ಒಲೆಯ ಮೇಲೆ ಆದ ಚಹಾ ಕೂಡ ತನಗೆ ಬೇಡವೆಂದಳು. ಹೀಗಾಗಿ ಹಿತ್ತಲಲ್ಲಿ ಬೇರೆ ಗ್ಯಾಸಿನ ಒಲೆ ಹೂಡಿ, ಊರಿಂದ ತಂದ ಪಾತ್ರೆಯಲ್ಲಿ ಕಾಂಚನಾ ಅನ್ನ ಸಾರು ಮಾಡುತ್ತ ಕೂತಳು. ದುರ್ಬೀನು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಸಂಜೆ ಮನೆಯ ಮುಂದುಗಡೆಯಿಂದ ದಪ್ಪ ರೆಕ್ಕೆಗಳ ಸದ್ದು ಕೇಳಿಸಿತು, ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ. ಅವಳು ಸೌಟು ಬಿಟ್ಟು ಓಡಿ ಬರುವಷ್ಟರಲ್ಲಿ ಅಂಗಳ ಖಾಲಿ.

"ಏನೋ ದೊಡ್ಡ ಕೊಕ್ಕಿಂದು ಬಂದಿತ್ತು. ಹಳದಿ ಕೊಕ್ಕು. ಹೋತು" ಎಂದ ಕಿರಣಕುಮಾರ, ಕುರ್ಚಿಯಲ್ಲಿ ಕೂತಲ್ಲಿಂದಲೇ.

"ಮಂಗಟ್ಟಿ ಹಕ್ಕಿ ಅದು! ನನ್ನ ಕರೀಬಾರದೇನ್ರಿ?"

"ನೀ ಒಲಿ ಮುಂದ ಇದ್ದೆಲ್ಲ. ಸಾರು ಹತ್ತತಿತ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನುಂಗಿಕೊಂಡಳು, ಮರುದಿನ ಬೆಳಿಗ್ಗೆಯ ಹದ್ದಿಗೋಸ್ಕರ. ಗಂಡನನ್ನು ಹಿತ್ತಲಿಗೆ ಕರೆದು ಒಂದೇ ಮಾತು ಕೇಳಿದಳು. "ನಾಳಿ ಹದ್ದು ನೋಡಿ ವಾಪಸ್ ಇಲ್ಲಿಗೆ ಬಂದ ಮ್ಯಾಲನ ಚರಗಾ. ಅಲ್ಲಿ ಒಂದು ಸಪ್ಪಳ ಆಗಬಾರದು. ನಿಮ್ಮಣ್ಣಗ ನೀವು ಹೇಳಬೇಕು. ನನ್ನ ಮ್ಯಾಲ ಆಣಿ ಮಾಡ್ರಿ."

"ನಿನ್ನಾಣಿ" ಎಂದು ಕಿರಣಕುಮಾರ ಅವಳ ತಲೆ ಮುಟ್ಟಿ ಹೇಳಿದ. ಕುಬೇರಪ್ಪನಿಗೂ ಹೇಳಿದ. ಅವನೂ ತಲೆಯಾಡಿಸಿದ. ಕುಬೇರಪ್ಪನಿಗೆ ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಸಂಬಂಧವಿಲ್ಲವೆಂದು ಆ ಮನೆಯಲ್ಲಿ ಗೊತ್ತಿರದವರಿಲ್ಲ. ಆದರೂ ಕಾಂಚನಾ ನಂಬಿದಳು. ಗಂಡ ತಲೆ ಮುಟ್ಟಿದ್ದನಲ್ಲ.

ಬೆಳಕು ಹರಿಯುವ ಮೊದಲೇ ಎದ್ದು ಕಡಬು ಬೇಯಿಸಿ, ಬದನೆಕಾಯಿ ಎಣಗಾಯಿ, ಪುಂಡಿಪಲ್ಯ, ಮೊಸರನ್ನ ಎಲ್ಲ ಮುಗಿಸಿ ಬುಟ್ಟಿ ತುಂಬಿದಳು. ಹಿಂದಿರುಗಿದ ಕೂಡಲೇ ಪೂಜೆ, ಊಟ; ಯಾರೂ ತಕರಾರು ತೆಗೆಯಬಾರದೆಂದು ಅವಳ ಲೆಕ್ಕ. ಬುಟ್ಟಿಯನ್ನು ಮನೆಯಲ್ಲೇ ಬಿಡೋಣವೆಂದರೆ ಕುಬೇರಪ್ಪ ಕೇಳಲಿಲ್ಲ. "ದೇವರ ಎಡಿ ಮೀನಿನ ಮನಿಯಾಗ ಬಿಟ್ಟು ಹೊಕ್ಕಾರೇನು?" ಎಂದು ತಾನೇ ಹೊತ್ತು ದೋಣಿಯಲ್ಲಿಟ್ಟ. ಅನ್ನವ್ವ ಹೌದೆಂದಳು.

ಪಾಂಡುರಂಗ ಹರಿಕಂತ್ರ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಇಬ್ಬರು ಎಂದಿದ್ದವರು ನಾಲ್ವರಾಗಿ ಬಂದದ್ದನ್ನು ನೋಡಿ ಅವನ ಮುಖ ಸಣ್ಣದಾಯಿತು. ದೋಣಿ ಹೊರಡಿಸುವ ಮೊದಲು ಎಲ್ಲರನ್ನೂ ಕೂರಿಸಿ ಹೇಳಿದ. "ಗೂಡಿನಲ್ಲಿ ಮರಿ ಉಂಟು. ಮೊನ್ನೆ ಮೊನ್ನೆ ಮೊಟ್ಟೆಯೊಡೆದು ಬಂದದ್ದು, ಹತ್ತಿಯ ಉಂಡೆಯ ಹಾಗೆ. ತಾಯಿ ಮೇಲೆ ಕೂತೇ ಇರಬೇಕು. ಅದು ಹೆದರಿ ಎದ್ದುಹೋದರೆ ಕಾಗೆಗಳು ಮರಿಯನ್ನು ಬಿಡುವುದಿಲ್ಲ. ಮಾತು ಬೇಡ, ಕೂಗು ಬೇಡ. ಆಯ್ತಾ?"

ಎಲ್ಲರೂ ಆತು ಅಂದರು. ಕುಬೇರಪ್ಪ ಎಲ್ಲರಿಗಿಂತ ಜೋರಾಗಿ ಅಂದ.

ದೋಣಿಯಿಂದಲೇ ನೋಡಿ ತಿರುಗುವುದೆಂದು ಮಾತಾಗಿತ್ತು. ಆದರೆ ಗುಡ್ಡದ ಮೂತಿ ಹತ್ತಿರ ಬರುವಷ್ಟರಲ್ಲಿ ಅಲೆಯ ತೂಗಾಟಕ್ಕೆ ಅನ್ನವ್ವನ ಹೊಟ್ಟೆ ತೊಳೆಸಿ, ಕಣ್ಣು ಮೇಲಕ್ಕೆ ಹೋಯಿತು. ಪಾಂಡುರಂಗ ದೋಣಿಯನ್ನು ಗುಡ್ಡದ ಬುಡದ ಸಣ್ಣ ಕೊಲ್ಲಿಯೊಂದಕ್ಕೆ ತಂದು ನಿಲ್ಲಿಸಿ, ಮುದುಕಿಯನ್ನು ಇಳಿಸಿ ಬಂಡೆಯ ನೆರಳಲ್ಲಿ ಕೂರಿಸಿದ. ಗೂಡಿನ ಮರ ಗುಡ್ಡದ ಆಚೆ ಮಗ್ಗುಲಲ್ಲಿತ್ತು. "ಅಜ್ಜಿ ಸುಧಾರಿಸಿಕೊಳ್ಳಲಿ. ನೀವೊಬ್ಬರು ಬನ್ನಿ ಅಕ್ಕಾ, ಆ ಬಂಡೆಯ ಸಂದಿಯಿಂದ ಕಾಣುತ್ತದೆ" ಎಂದು ಕಾಂಚನಾಳಿಗೆ ಪಿಸುಗುಟ್ಟಿದ.

ಕಾಂಚನಾ ಗಂಡನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನೂ ತುಟಿಯ ಮೇಲೆ ಬೆರಳಿಟ್ಟ. ಅವಳು ಚಪ್ಪಲಿ ಕಳಚಿ, ಸೀರೆ ಎತ್ತಿ ಕಟ್ಟಿ, ಪಾಂಡುರಂಗನ ಹಿಂದೆ ಬಗ್ಗಿಕೊಂಡು ಬಂಡೆ ಹತ್ತಿದಳು.

ಸಂದಿಯಿಂದ ನೋಡಿದರೆ ಎದುರಿನ ಇಳಿಜಾರಿನಲ್ಲಿ ಒಂದು ಭಾರಿ ಮರ. ಮೇಲಿನ ಕವಲಿನಲ್ಲಿ ಕಟ್ಟಿಗೆಯ ರಾಶಿ. ಎತ್ತಿನ ಗಾಡಿಯಲ್ಲಿ ತಂದು ಸುರಿದಷ್ಟು ದೊಡ್ಡದು. ದುರ್ಬೀನು ಕಣ್ಣಿಗಿಟ್ಟಳು. ಮೊದಲು ಬರೀ ಹಸಿರು ಮಂಜು. ಸಣ್ಣ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಎಲೆಗಳು ಎಲೆಗಳಾದವು. ಕಟ್ಟಿಗೆಗಳು ಕಟ್ಟಿಗೆಗಳಾದವು. ಅವುಗಳ ನಡುವೆ ಬಿಳಿಯದೊಂದು ಇತ್ತು, ಇನ್ನೂ ಮಸುಕಾಗಿ. ಇನ್ನೊಂದು ಕೂದಲೆಳೆಯಷ್ಟು ಚಕ್ರ ತಿರುಗಿದರೆ ಸಾಕಿತ್ತು.

"ಹುಲ್ಲುಲ್ಲಿಗೋ...!"

ಹೊಂಬಳದ ನೂರು ಎಕರೆಗೆ ಕೇಳಿಸುವ ಕೂಗು. ಗುಡ್ಡಕ್ಕೆ ಬಡಿದು ಅದು ಮತ್ತೊಮ್ಮೆ ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು ದನಿ ಓಗೊಟ್ಟಿತು. ದುರ್ಬೀನಿನೊಳಗೆ ಕೊಂಬೆ ಅಲ್ಲಾಡುತ್ತಿತ್ತು. ಬಿಳಿಯದು ಇರಲಿಲ್ಲ.

"ಹೋಯ್ತು" ಎಂದ ಪಾಂಡುರಂಗ. "ಆಚೆ ಬದಿಗೆ ಹಾರಿ ಹೋಯ್ತು."

ಕಾಂಚನಾ ಬಂಡೆಯಿಂದ ಹೇಗೆ ಇಳಿದಳೋ ಅವಳಿಗೇ ತಿಳಿಯದು. ಮೊಣಕಾಲು ತರಚಿ ರಕ್ತ ಬಂದದ್ದನ್ನು ಆಮೇಲೆ ನೋಡಿದಳು. ಕೆಳಗೆ, ಕೊಲ್ಲಿಯ ಮೇಲಿನ ಹುಲ್ಲಿನ ದಿಬ್ಬದ ಮೇಲೆ ಕುಬೇರಪ್ಪ ಬರಿಗಾಲಲ್ಲಿ, ತಲೆಗೆ ಟವೆಲು ಸುತ್ತಿ, ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬೊಗಸೆ ಬೊಗಸೆ ಚರಗ ಚೆಲ್ಲುತ್ತಿದ್ದ. ಅವನ ಹಿಂದೆ ಬಾಟಲಿಯಿಂದ ನೀರು ಚಿಮುಕಿಸುತ್ತ ಓಗೊಡುತ್ತಿದ್ದವನು ಕಿರಣಕುಮಾರ. ತಲೆ ಮುಟ್ಟಿ ಆಣೆ ಮಾಡಿದವನು. ತುಟಿಯ ಮೇಲೆ ಬೆರಳಿಟ್ಟು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

"ನಿಮಗ ನಾಚಿಕಿ ಆಗಂಗಿಲ್ಲೇನ್ರೀ?" ಎಂದಳು.

"ಕಾಂಚನವ್ವಾ, ಸಿಟ್ಟಾಗಬ್ಯಾಡ" ಎಂದ ಕುಬೇರಪ್ಪ, ಕೈಯಲ್ಲಿ ಮೊಸರನ್ನ ಹಿಡಿದುಕೊಂಡೇ. "ಅಲ್ಲಿ ಮನಿ ಮುಂದ ಬರೇ ಉಸುಕು. ಉಸುಕಿಗೆ ಯಾರರೆ ಚರಗಾ ಚೆಲ್ಲತಾರೇನು? ಇಲ್ಲಿ ನೋಡಿಲ್ಲಿ, ಮಣ್ಣು! ಕೆಂಪಂದು ಐತಿ ಖರೆ, ಆದ್ರ ಮಣ್ಣು. ತಾಯಿ ತಾನಾಗೇ ಜಾಗಾ ತೋರಿಸಿದಂಗಾತು."

"ಅಣ್ಣ ಶುರು ಮಾಡಿಬಿಟ್ಟಿದ್ದ" ಎಂದ ಕಿರಣಕುಮಾರ. "ಒಬ್ಬನ ಕೂಗಿದ್ರ ಓಗೊಡದ ಬಿಡಾಕ ಬರತೈತೇನು? ಅಪಶಕುನ ಆಗತೈತಿ."

ಅಷ್ಟರಲ್ಲಿ ಮೊದಲ ಕಾಗೆ ಬಂತು. ಅದರ ಹಿಂದೆ ಇನ್ನೆರಡು. ಆಮೇಲೆ ಮೀನುಗಾರರ ದೋಣಿ ನಿಲ್ಲುವ ದಕ್ಕೆಯ ಕಡೆಯಿಂದ ಕಪ್ಪು ಸಾಲಾಗಿ ಬಂದವು, ಯಾರೋ ಡಂಗುರ ಸಾರಿ ಕರೆದಂತೆ. ಊರಲ್ಲಾದರೆ ಚರಗಕ್ಕೆ ಕಾಗೆ ಬಂದರೆ ಸಂತೋಷ. ಅನ್ನವ್ವ ಬಂಡೆಯ ನೆರಳಿಂದಲೇ ಕೈ ಮುಗಿದಳು. ಹೊಟ್ಟೆ ತುಂಬಿದ ಎರಡು ಕಾಗೆಗಳು ಹಾರಿ ಗೂಡಿನ ಮರದ ಕಡೆಗೆ ಹೋಗಿ ಕೂತು ಕಾ ಕಾ ಎಂದವು.

ಪಾಂಡುರಂಗ ಕೆಳಗಿಳಿದು ಬಂದ. ಅವನೂ ಸಿಟ್ಟಿನಿಂದ ಕೆಂಪಗಾಗಿದ್ದ. "ಅನ್ನ ಇರುವಷ್ಟು ಹೊತ್ತು ಈ ಕಾಗೆಗಳು ಹೋಗುವುದಿಲ್ಲ. ನೀವಿಷ್ಟು ಜನ ನಿಂತಿರುವಷ್ಟು ಹೊತ್ತು ತಾಯಿ ಬರುವುದಿಲ್ಲ. ಮರಿ ಉಳಿಯುವುದಿಲ್ಲ. ಹತ್ತಿ ದೋಣಿ, ಎಲ್ಲರೂ ಹತ್ತಿ."

ಕಾಂಚನಾ ಕುಬೇರಪ್ಪನ ಕಂಕುಳಿಂದ ಬುಟ್ಟಿ ಕಿತ್ತುಕೊಂಡಳು. ನೆಲಕ್ಕೆ ಮೊಣಕಾಲೂರಿ, ಹುಲ್ಲಿನ ಮೇಲೆ ಬಿದ್ದಿದ್ದ ಕಡಬಿನ ತುಂಡೊಂದನ್ನು ಎತ್ತಿ ಬುಟ್ಟಿಗೆ ಹಾಕಿದಳು. ಇನ್ನೊಂದನ್ನು ಎತ್ತಿದಳು. ಮೊಸರನ್ನವನ್ನು ಮಣ್ಣು ಸಮೇತ ಬಳಿದಳು.

ಅನ್ನವ್ವ ಕೂಗಿಕೊಂಡಳು. "ಏ ಯವ್ವಾ! ಏನ್ ಮಾಡಾಕ ಹತ್ತೀ? ಚೆಲ್ಲಿದ ಚರಗಾ ಆರಿಸ್ತಾರೇನ? ತಾಯಿ ಬಾಯಾಗ ಇಟ್ಟ ತುತ್ತು ಕಸಗೋತಿ?"

ಅಂಥದ್ದನ್ನು ಯಾರೂ ಮಾಡಿರಲಿಲ್ಲ. ಗದಗ ಸೀಮೆಯಲ್ಲಿ ಹುಟ್ಟಿದ ಯಾವ ಹೆಣ್ಣೂ ಕನಸಿನಲ್ಲಿ ಕೂಡ ಮಾಡಲಾರಳು. ಕಾಂಚನಾಳ ಕೈ ಒಂದು ಕ್ಷಣ ತಡೆಯಿತು. ಅವಳಿಗೂ ಭೂಮಿತಾಯಿಯ ಶಾಪದ ಭಯವಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು, ಹೊಲ ಬಂತು. ಆದರೆ ಮರದ ಮೇಲೆ ಕಾಗೆ ಮತ್ತೆ ಕೂಗಿತು.

"ಕಸಗೋತೀನ್ರಿ ಅತ್ತಿ" ಅಂದಳು. "ಕಸಗೋತೀನಿ. ಪಾಪ ಬರೋದಿದ್ರ ನನಗ ಬರಲಿ. ನೀವು ದೋಣಿ ಹತ್ರಿ."

"ಕಾಂಚನಾ..." ಎಂದು ಗಂಡ ಹತ್ತಿರ ಬಂದ.

"ನೀವೂ ಹತ್ರಿ! ಇಲ್ಲಿ ನಿಂತರ ನಿಮ್ಮ ನೆರಳ ಸೈತ ನನಗ ಬ್ಯಾಡ."

ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ಹಾಗೆ ಅಂದದ್ದಿಲ್ಲ. ಅವನು ಹೋಗಿ ದೋಣಿ ಹತ್ತಿದ. ಕುಬೇರಪ್ಪ ಏನೋ ಹೇಳಲು ಬಾಯಿ ತೆಗೆದವನು ಪಾಂಡುರಂಗನ ಮುಖ ನೋಡಿ ತಮ್ಮನ ಹಿಂದೆಯೇ ಹತ್ತಿದ. ಪಾಂಡುರಂಗ ಅನ್ನವ್ವನನ್ನು ಕೈ ಹಿಡಿದು ಹತ್ತಿಸಿ, ಕಾಂಚನಾಳ ಬಳಿ ಬಗ್ಗಿ ಹೇಳಿದ. "ಬಗ್ಗಿಕೊಂಡೇ ಇರಿ ಅಕ್ಕಾ. ನಾನು ದೂರ ಹೋಗಿ ನಿಲ್ಲುತ್ತೇನೆ. ಅದು ಬರುವುದಿದ್ದರೆ ನಿಮ್ಮ ತಲೆಯ ಮೇಲಿಂದಲೇ ಬರುತ್ತದೆ. ಮುಖ ಎತ್ತಬೇಡಿ. ಮನುಷ್ಯರ ಮುಖ ಕಂಡರೆ ತಿರುಗಿ ಹೋಗುತ್ತದೆ." ಅವಳು ತಲೆಯಾಡಿಸಿದಳು.

ದೋಣಿ ದೂರ ಸರಿಯಿತು. ಕಾಂಚನಾ ಹುಲ್ಲಿನ ಮೇಲೆ ತೆವಳುತ್ತ ಒಂದೊಂದೇ ಅಗುಳು ಆರಿಸಿದಳು. ರೊಟ್ಟಿಯ ಚೂರು, ಪುಂಡಿಪಲ್ಯದ ಎಳೆ, ಕಡಬಿನ ಹೂರಣ. ಕುಬೇರಪ್ಪ ಧಾರಾಳ ಮನುಷ್ಯ. ಬಂಡೆಯ ಸಂದಿಗಳಿಗೂ ಬಿಡದೆ ಚೆಲ್ಲಿದ್ದ. ಬೆಳಗಿನ ಜಾವ ತಾನೇ ಹದವಾಗಿ ಕಲಸಿದ ಮೊಸರನ್ನವನ್ನು ಈಗ ಉಗುರಿನಿಂದ ಕೆರೆಯುತ್ತ ಅವಳು ಬೈದಳು. ಭಾವನನ್ನು ಬೈದಳು, ಗಂಡನನ್ನು ಬೈದಳು, ಎಲ್ಲದಕ್ಕೂ ಹೂಂ ಎಂದು ರೊಟ್ಟಿ ಬಡಿದ ತನ್ನನ್ನು ಬೈದಳು. ಕಾಗೆಗಳು ಕೈಗೆಟಕುವಷ್ಟು ಹತ್ತಿರ ಬಂದು ಕೊಕ್ಕು ಹಾಕುತ್ತಿದ್ದವು. ಒಂದು ಅವಳ ಬೆರಳನ್ನೇ ಕುಕ್ಕಿತು. ಅವಳು ಬುಟ್ಟಿಯ ಮೇಲೆ ಸೆರಗು ಮುಚ್ಚಿ, ಒಂದು ಕೈಯಿಂದ ಅಟ್ಟುತ್ತ ಇನ್ನೊಂದು ಕೈಯಿಂದ ಆರಿಸಿದಳು.

ತಿನ್ನಲು ಏನೂ ಉಳಿಯದಾದಾಗ ಕಾಗೆಗಳ ಗದ್ದಲ ಕಡಿಮೆಯಾಗುತ್ತ ಬಂತು. ಕೆಲವು ದಕ್ಕೆಯ ಕಡೆಗೆ ತಿರುಗಿದವು. ಮರದ ಮೇಲಿನ ಎರಡು ಮಾತ್ರ ಹೋಗಲಿಲ್ಲ.

ಆಗ ಹುಲ್ಲಿನ ಮೇಲೆ ನೆರಳು ಬಿತ್ತು. ಅವಳ ಕೈ, ಬುಟ್ಟಿ, ಅವಳು ಕೂತ ನೆಲ ಎಲ್ಲ ಒಂದು ಗಳಿಗೆ ಕತ್ತಲಾಯಿತು. ತಲೆಯ ಮೇಲೆ ಗಾಳಿ ಸೀಳಿದ ಸದ್ದು. ಕುತ್ತಿಗೆಯ ಮೇಲಿನ ಕೂದಲು ಅಲ್ಲಾಡಿತು. ಅಷ್ಟು ಹತ್ತಿರ.

ಕಾಂಚನಾ ಮುಖ ಎತ್ತಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಕೇಳಿದ್ದಳು, ಅದು ತಲೆಯ ಮೇಲೇ ಇತ್ತು. ಹಣೆಯನ್ನು ನೆಲಕ್ಕೆ ಒತ್ತಿ, ಎರಡೂ ಮುಷ್ಟಿಯಲ್ಲಿ ಹುಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಡಿಯದಿದ್ದರೆ ಕತ್ತು ತಾನಾಗಿ ಎದ್ದುಬಿಡುತ್ತಿತ್ತು. ಮರದ ಕಡೆಯಿಂದ ಕಾಗೆಗಳು ಕಿರುಚಿ ಚೆಲ್ಲಾಪಿಲ್ಲಿಯಾದದ್ದು ಕೇಳಿಸಿತು. ಅದರ ಬೆನ್ನಿಗೆ ಗೂಡಿನಿಂದ ಒರಟಾದ ದಪ್ಪ ದನಿಯೊಂದು, ಅದಕ್ಕೆ ಉತ್ತರವಾಗಿ ದಾರದಂಥ ತೆಳ್ಳನೆಯ ಚೀರು. ಮರಿ ಇತ್ತು.

ದೂರದ ದೋಣಿಯಿಂದ ಅನ್ನವ್ವನ ಉಸಿರುಗಟ್ಟಿದ ದನಿ ನೀರಿನ ಮೇಲೆ ತೇಲಿ ಬಂತು. "ಅಯ್ಯ ನನ ಶಿವನ, ಎಷ್ಟು ದೊಡ್ಡದೈತೋ!"

ಪಾಂಡುರಂಗ ದೋಣಿಯನ್ನು ಕೋಲಿನಿಂದ ನೂಕುತ್ತ ಸದ್ದಿಲ್ಲದೆ ತಂದ. ಕಾಂಚನಾ ಬೆನ್ನು ಬಗ್ಗಿಸಿಕೊಂಡೇ ಇಳಿದು, ಮರದತ್ತ ತಿರುಗದೆ, ಬುಟ್ಟಿ ಅಪ್ಪಿಕೊಂಡು ಹತ್ತಿ ಕೂತಳು. ದೋಣಿ ಗುಡ್ಡದ ಮೂತಿ ದಾಟುವವರೆಗೆ ಪಾಂಡುರಂಗ ಎಂಜಿನ್ ಹಚ್ಚಲಿಲ್ಲ.

ದಾಟಿದ ಮೇಲೆ ಪಾಂಡುರಂಗ ಹೇಳಿದ, "ಈ ವರ್ಷ ಇನ್ನು ಯಾರನ್ನೂ ಕರೆದುಕೊಂಡು ಬರುವುದಿಲ್ಲ ಅಕ್ಕಾ. ನಿಮ್ಮನ್ನೂ."

"ಖರೆ ಐತಿ. ಯಾರನ್ನೂ ತರಬ್ಯಾಡ್ರಿ" ಅಂದಳು.

ಕುಬೇರಪ್ಪನಿಗೆ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಆದ್ರೂ ಏನ್ ಹಕ್ಕಿವಾ ಅದು! ಕಾಲಾಗ ಮೀನು ಹಿಡದಿತ್ತು! ಕಿರಣಾ ಫೋನಿನಾಗ ಪೂರಾ ಹಿಡದಾನ. ಲೇ ಕಿರಣಾ, ನಮ್ಮ ಹೊಂಬಳದ ಗ್ರೂಪಿಗೆ ಹಾಕಲೇ. ಜಾಗಾದ ಹೆಸರೂ ಬರಿ. ಮುಂದಿನ ಐತವಾರ ಒಂದು ಬಸ್ಸ ಮಾಡಿಕೊಂಡ ಬರತಾರ ನೋಡು ಜನ."

ಕಿರಣಕುಮಾರ ಫೋನನ್ನು ಕಾಂಚನಾಳ ಮುಂದೆ ಹಿಡಿದ. ಅವನ ಮುಖದಲ್ಲಿ ತಪ್ಪಿತಸ್ಥನ ನಗು. "ನಿನ್ನ ಸಲುವಾಗೇ ಹಿಡದೀನಿ. ನೋಡು, ಎಷ್ಟು ಚೊಲೋ ಬಂದೈತಿ. ನಿನ್ನ ತಲಿ ಮ್ಯಾಲಿಂದನ ಹೊಕ್ಕೈತಿ."

ಅವಳು ಮುಖವನ್ನು ಸಮುದ್ರದ ಕಡೆಗೆ ತಿರುಗಿಸಿದಳು. "ಅಳಿಸ್ರಿ ಅದನ್ನ."

"ಏನು?"

"ಈಗ, ನನ್ನ ಮುಂದ ಅಳಿಸ್ರಿ. ಒಂದು ಬಸ್ ಜನ ಬುಟ್ಟಿ ಹೊತಗೊಂಡ ಬರೂದು ಬ್ಯಾಡ."

"ಹುಚ್ಚಿ ಏನ್ ನೀ? ಗ್ರೂಪಿಗೆ ಹಾಕೂದಿಲ್ಲ ಬಿಡು, ನಿನ್ನಾಣಿ."

"ನಿಮ್ಮ ಆಣಿ ಬೆಳಿಗ್ಗೆ ನೋಡೀನಿ."

ಕಿರಣಕುಮಾರನ ಮುಖ ಕಪ್ಪಿಟ್ಟಿತು. ಆದರೂ ಫೋನು ಹಿಂತೆಗೆಯಲಿಲ್ಲ. "ನೀ ಒಂದ ಸಲಾನೂ ನೋಡಿಲ್ಲಲ್ಲ ಕಾಂಚನಾ. ಇದಕ್ಕಂತನ ಬಂದಾಕಿ ನೀ. ಒಂದು ಸಲ ನೋಡು. ಆಮ್ಯಾಲೆ ಅಳಸ್ತೀನಿ."

ಅವಳಿಗೆ ನೋಡಬೇಕಾಗಿತ್ತು. ಹೊಟ್ಟೆಯೊಳಗಿನಿಂದ ಕಿತ್ತುಕೊಂಡು ಬರುವಷ್ಟು ನೋಡಬೇಕಾಗಿತ್ತು. ಗೇಣು ದೂರದಲ್ಲಿ ಫೋನಿತ್ತು.

"ನಾ ನೋಡಿದ್ನೆಂದ್ರ ಅಳಿಸು ಅನ್ನಾಕ ನನಗೂ ಆಗಂಗಿಲ್ಲ" ಅಂದಳು. "ಅಳಿಸ್ರಿ."

ಪಾಂಡುರಂಗ ಎಂಜಿನ್ ನಿಲ್ಲಿಸಿ ಕಾದ. ಅನ್ನವ್ವ ಮಗನನ್ನು ನೋಡಿ, "ಅಳಿಸೋ" ಅಂದಳು, ಅಷ್ಟೇ. ಕಿರಣಕುಮಾರ ಬೆರಳಿಂದ ಒತ್ತಿದ.

"ಆತು."

"ಅಳಿಸಿದ್ದು ಇನ್ನೊಂದು ಕಡೆ ಹೋಗಿ ಕುಂತಿರತೈತಿ. ಅಲ್ಲಿಂದನೂ ತಗೀರಿ."

ಹೆಂಡತಿಗೆ ಅದು ಗೊತ್ತಿರಲಾರದೆಂದು ಅವನು ತಿಳಿದಿದ್ದ. ತಲೆ ತಗ್ಗಿಸಿ ಮತ್ತೊಮ್ಮೆ ಒತ್ತಿದ. "ಈಗ ಖರೇನ ಹೋತು" ಎಂದ, ಸಣ್ಣ ದನಿಯಲ್ಲಿ.

ಕಾಂಚನಾಗೆ ಆಗ ಅಳು ಬಂತು. ಸಿಟ್ಟಿನಿಂದ ಬಂದ ಅಳು, ಭುಜ ಕುಲುಕುವಂಥದು. ಗಂಡ ಹತ್ತಿರ ಸರಿಯಲು ನೋಡಿದ. ಮೊಸರು ಮಣ್ಣು ಮೆತ್ತಿದ ಕೈಯನ್ನು ಎತ್ತಿ ಅವನನ್ನು ಅಲ್ಲೇ ತಡೆದಳು.